ನೋಡಿದವನ ಸಾಕ್ಷಿ

1843ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗರ ಹೆಸರನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪತ್ರಿಕಾ ಸಂಪಾದಕರ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಹಲವರಿದ್ದಾರೆ. ಟಿ.ವಿ. ವರದಿಗಾರರ ಚರಿತ್ರೆಯನ್ನು ಬರೆದವರು ವಿರಳ. ನಮ್ಮ ಜಿಲ್ಲೆಯ ಅಂತಹ ಒಬ್ಬ ವರದಿಗಾರರ ವೃತ್ತಾಂತವನ್ನು ಇಲ್ಲಿ ದಾಖಲಿಸಬೇಕೆನಿಸಿದೆ. ಅವರು ಸುರತ್ಕಲ್ ಸಮೀಪದ ಸೂರಿಂಜೆಯವರಾದ ನವೀನ್ ಸೂರಿಂಜೆ.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು. ನಮ್ಮ ಕೆದಂಬಾಡಿಯಂತಹ ಗುಡ್ಡದ ನಡುವಿನ ಊರುಗಳಿಗೆ ಅದು ತಲುಪಲು ಇನ್ನೂ ಬಹುಕಾಲ ಹಿಡಿಯಿತು. ಆಗ ವಾರ್ತೆಯೆಂದರೆ ಬೆಂಗಳೂರು, ದಿಲ್ಲಿಗಳ ಸುದ್ದಿ. 2000ದ ಕೊನೆಯಲ್ಲಿ ಈಟಿವಿ ಕನ್ನಡ, 2006ರಲ್ಲಿ ಟಿವಿ9 ಬಂದ ಮೇಲೆ ಆ ಸ್ಥಿತಿ ಬದಲಾಯಿತು. ಜಿಲ್ಲೆಗೊಬ್ಬ ವರದಿಗಾರ, ಅವನ ಜೊತೆಗೊಬ್ಬ ಕ್ಯಾಮರಾದವನು. ಅವರ ಕಿಸೆಯ ಮೊಬೈಲೇ ಕಚೇರಿ. ಎಲ್ಲಿಂದಲೋ ಒಂದು ಕರೆ ಬಂದರೆ ಬೈಕು ಹತ್ತಿ ಹೊರಡುವುದು ಅವರ ದಿನಚರಿಯಾಯಿತು. ಪುತ್ತೂರು, ಸುಳ್ಯದ ಸುದ್ದಿಯೂ ಅಂದೇ ಸಂಜೆ ನಮ್ಮ ಚಾವಡಿಗೆ ಬರತೊಡಗಿತು.

2012ರ ಜುಲೈ 28ರ ಸಂಜೆ ನವೀನರಿಗೆ ಬಂದದ್ದೂ ಅಂತಹದೇ ಒಂದು ಕರೆ. ಆಗ ಅವರು ಕಸ್ತೂರಿ ನ್ಯೂಸ್ 24 ವಾಹಿನಿಯ ಮಂಗಳೂರು ವರದಿಗಾರರು. ಪಡೀಲಿನ ‘ಮಾರ್ನಿಂಗ್ ಮಿಸ್ಟ್’ ಎಂಬ ಹೋಂಸ್ಟೇಯಲ್ಲಿ ಯುವಕ ಯುವತಿಯರು ಹುಟ್ಟುಹಬ್ಬ ಆಚರಿಸುತ್ತಿದ್ದರು. ಗುಂಪೊಂದು ಅಲ್ಲಿಗೆ ನುಗ್ಗಿ ಅವರನ್ನು ಥಳಿಸಿತು, ಹೆಣ್ಣುಮಕ್ಕಳ ಮೇಲೂ ಕೈಮಾಡಿತು. ನವೀನರ ವರದಿಯೊಂದಿಗೆ ಆ ದೃಶ್ಯಗಳು ಬಿತ್ತರವಾದಾಗ ದೇಶವೇ ಬೆಚ್ಚಿತು. ಆ ಚಿತ್ರಗಳಿಲ್ಲದಿದ್ದರೆ ಅಂದಿನ ಘಟನೆ ನಾಲ್ಕು ಗೋಡೆಗಳೊಳಗೇ ಅಡಗಿಹೋಗುತ್ತಿತ್ತು.

ಆದರೆ ಪೊಲೀಸರು ಆರೋಪಿಗಳ ಪಟ್ಟಿಯಲ್ಲಿ ವರದಿಗಾರರ ಹೆಸರನ್ನೂ ಸೇರಿಸಿದರು. ಹಲ್ಲೆ ನಡೆಯುವುದು ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂಬುದು ಅವರ ಮೇಲಿದ್ದ ದೂರಿನ ತಿರುಳು. ತಾವು ಪೊಲೀಸ್ ಅಧಿಕಾರಿಗಳಿಗೆ ಕರೆ ಮಾಡಿದ್ದಾಗಿಯೂ ಅವರು ಸ್ಪಂದಿಸಲಿಲ್ಲವೆಂದೂ ನವೀನರು ಹೇಳಿಕೊಂಡಿದ್ದಾರೆ. ನವೆಂಬರ್ 7ರಂದು ಅವರ ಬಂಧನವಾಯಿತು. ಡಿಸೆಂಬರಿನಲ್ಲಿ ಹೈಕೋರ್ಟ್ ಜಾಮೀನು ನಿರಾಕರಿಸಿತು. ಜೈಲಿನಲ್ಲಿದ್ದಾಗ ಅವರಿಗೆ ಸಿಡುಬಿನಂತಹ ಕೋಟಲೆ (ಚಿಕನ್‌ಪಾಕ್ಸ್) ತಗಲಿತು. ರಾಜ್ಯದ ಪತ್ರಕರ್ತರು ಬೀದಿಗಿಳಿದು ಪ್ರತಿಭಟಿಸಿದರು. 2013ರ ಜನವರಿ ಕೊನೆಯಲ್ಲಿ ಸಚಿವ ಸಂಪುಟ ಮೊಕದ್ದಮೆ ಹಿಂಪಡೆಯಲು ತೀರ್ಮಾನಿಸಿದರೂ ಆದೇಶ ಹೊರಡಲಿಲ್ಲ. ಮಾರ್ಚಿನಲ್ಲಿ ಜಾಮೀನು ದೊರೆಯುವ ಹೊತ್ತಿಗೆ ಸೆರೆವಾಸ ನಾಲ್ಕು ತಿಂಗಳು ದಾಟಿತ್ತು. ಸರಕಾರ ಬದಲಾದ ಬಳಿಕ ಅವರ ಮೇಲಿನ ಮೊಕದ್ದಮೆಯನ್ನು ಹಿಂಪಡೆಯಲಾಯಿತು. ಮುಂದೆ ಅವರು ಬೆಂಗಳೂರಿನಲ್ಲಿ ಟಿ.ವಿ. ವೃತ್ತಿಯನ್ನು ಮುಂದುವರಿಸಿದರು, ಮಲೆಕುಡಿಯರ ಊರಾದ ಕುತ್ಲೂರಿನ ಬವಣೆಯನ್ನು ಕುರಿತು ‘ಕುತ್ಲೂರು ಕಥನ’ವನ್ನು ಬರೆದರು.

ವರದಿಗಾರ ಕ್ಯಾಮರಾವನ್ನು ಕೆಳಗಿಟ್ಟು ಹಲ್ಲೆಯನ್ನು ತಡೆಯಬೇಕಿತ್ತೆ? ಈ ಪ್ರಶ್ನೆಯನ್ನು ನನ್ನೊಡನೆ ವಾದಿಸಿದ ಬಂಧುಗಳಿದ್ದಾರೆ. ಅದು ತಳ್ಳಿಹಾಕುವಂತಹ ಪ್ರಶ್ನೆಯಲ್ಲ. ಹಲ್ಲೆಗೊಳಗಾದ ಹೆಣ್ಣುಮಕ್ಕಳ ಮುಖಗಳನ್ನು ವಾಹಿನಿಗಳು ಮತ್ತೆ ಮತ್ತೆ ತೋರಿಸಿದ್ದು ಅವರಿಗಾದ ಎರಡನೆಯ ಹಿಂಸೆಯೆಂಬ ಟೀಕೆಯೂ ಸಕಾರಣವಾದುದೇ. ಆದರೂ ಉದ್ರಿಕ್ತ ಗುಂಪಿನೆದುರು ಇಬ್ಬರು ಏನು ಮಾಡಬಲ್ಲರು? ಕಂಡದ್ದನ್ನು ಲೋಕಕ್ಕೆ ತಿಳಿಸುವುದು ಅವರ ಕೈಯಲ್ಲಿತ್ತು, ಅದನ್ನು ಮಾಡಿದರು. ಸಾಕ್ಷಿ ಹೇಳಬೇಕಾದವನನ್ನೇ ಆರೋಪಿಗಳ ಸಾಲಿನಲ್ಲಿ ನಿಲ್ಲಿಸಿದರೆ ಮುಂದಿನ ಸಲ ಅಂತಹ ಕರೆ ಬಂದಾಗ ಯಾರು ಹೊರಟಾರು?

ಕತೆಯ ಕೊನೆಯ ಭಾಗ ಇನ್ನೂ ವಿಷಾದಕರವಾದುದು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ನಡೆದ ದಾಳಿಯನ್ನೂ ನಾವು ಟಿ.ವಿ.ಯಲ್ಲಿ ಕಂಡಿದ್ದೆವು. ಆ ಮೊಕದ್ದಮೆಯ ಆರೋಪಿಗಳು 2018ರ ಮಾರ್ಚಿನಲ್ಲಿ ಖುಲಾಸೆಯಾದರು. ಪಡೀಲಿನ ಮೊಕದ್ದಮೆಯ ಆರೋಪಿಗಳೂ ಹನ್ನೆರಡು ವರ್ಷಗಳ ಬಳಿಕ, 2024ರ ಆಗಸ್ಟಿನಲ್ಲಿ ಖುಲಾಸೆಯಾದರು. ನ್ಯಾಯಾಲಯ ತನ್ನ ಮುಂದೆ ರುಜುವಾತಾದುದನ್ನು ಮಾತ್ರ ಒಪ್ಪುತ್ತದೆ, ಅದು ಸರಿಯೇ. ಆದರೆ ಕೋಟ್ಯಂತರ ಮಂದಿ ಕಣ್ಣಾರೆ ಕಂಡ ಎರಡು ಘಟನೆಗಳಿಗೆ ಹೊಣೆಗಾರರೇ ಇಲ್ಲವಾದರು. ಪಡೀಲಿನ ಪ್ರಕರಣದಲ್ಲಿ ನಾಲ್ಕು ತಿಂಗಳ ಸೆರೆ ಅದನ್ನು ಲೋಕಕ್ಕೆ ತಿಳಿಸಿದವರ ಪಾಲಿಗೂ ಬಂತು.

ನನ್ನ ವಿದ್ಯಾರ್ಥಿಗಳಲ್ಲಿ ಈ ವೃತ್ತಿಗೆ ಇಳಿದವರಿದ್ದೀರಿ, ಮಕ್ಕಳನ್ನು ಇಳಿಸಬೇಕೆಂದಿರುವವರೂ ಇದ್ದೀರಿ. ಬೇಡವೆಂದು ನಾನು ಹೇಳಲಾರೆ. ಮುದಿ ಮಾಷ್ಟ್ರ ಮಾತು ಇಷ್ಟೆ: ಹೊರಡುವ ಮೊದಲು ಪೊಲೀಸರಿಗೊಂದು ಕರೆ ಮಾಡಿ, ಯಾರಿಗೆ, ಎಷ್ಟು ಗಂಟೆಗೆ ಮಾಡಿದಿರೆಂಬುದನ್ನು ಬರೆದಿಟ್ಟುಕೊಳ್ಳಿ, ನೊಂದವರ ಮುಖವನ್ನು ಮರೆಸಿ, ಆ ಬಳಿಕ ಕಂಡದ್ದನ್ನು ಕಂಡಂತೆ ಹೇಳಿ.