ಮದುವೆ ಛಾಯಾಗ್ರಹಣದ ದರ

ಮದುವೆ ಛಾಯಾಗ್ರಹಣದ ದರ ಎಂದರೆ ವಿವಾಹದ ಚಿತ್ರಗಳಿಗಾಗಿ ಛಾಯಾಗ್ರಾಹಕರಿಗೆ ಸಲ್ಲುವ ಸಂಭಾವನೆ. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂತಹ ಗ್ರಾಮದಲ್ಲಿಯೂ ಒಂದೇ ಮದುವೆಗೆ ಇಬ್ಬರು ಹೇಳುವ ದರಗಳು ಬಹಳ ಭಿನ್ನವಾಗಿರಬಹುದು.

36 ಚಿತ್ರಗಳ ಫಿಲ್ಮ್ ರೋಲಿನ ಕಾಲದಲ್ಲಿ ರೋಲು, ಪ್ರಿಂಟುಗಳನ್ನು ಎಣಿಸಿದರೆ ವೆಚ್ಚದ ಅಂದಾಜು ಸಿಗುತ್ತಿತ್ತು. ಡಿಜಿಟಲ್ ಛಾಯಾಗ್ರಹಣದಲ್ಲಿ ಬಹುಪಾಲು ಶ್ರಮ ಮದುವೆಯ ನಂತರದ ಆಯ್ಕೆ, ಬಣ್ಣದ ತಿದ್ದುಪಡಿ, ಆಲ್ಬಂ ವಿನ್ಯಾಸಗಳಲ್ಲಿದ್ದು, ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಅರಿಶಿಣದಿಂದ ಅಕ್ಷತೆಯವರೆಗೆ ಎಷ್ಟು ದಿನ, ಎಷ್ಟು ಕ್ಯಾಮೆರಾ, ಡ್ರೋನ್ ಉಂಟೇ, ಆಲ್ಬಮ್ಮಿನ ಹಾಳೆಗಳೆಷ್ಟು ಎಂದು ಕೇಳದೆ ಮೊತ್ತವನ್ನಷ್ಟೇ ಹೋಲಿಸುವುದು ವ್ಯರ್ಥ. ಮುಹೂರ್ತಗಳು ಒತ್ತಾಗಿರುವ ವೈಶಾಖದಲ್ಲಿ ದರ ಏರುವುದುಂಟು. ಆಷಾಢದಲ್ಲಿ ಮದುವೆಗಳೇ ವಿರಳ.

ಅಗ್ಗದ ದರದಲ್ಲಿ ಮೂಲ ಕಡತಗಳು ಸೇರಿರದಿದ್ದರೆ ಮುಂದೆ ಮನಸ್ತಾಪಕ್ಕೆ ಎಡೆಯಾಗುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಪ್ರಥಮ ಕೃತಿಸ್ವಾಮ್ಯ ತೆಗೆಸಿದವರದು.