ಪೆನ್ ಡ್ರೈವ್ ಸಿಕ್ಕಿಸಿದ್ದರೆ ಕಂಪ್ಯೂಟರ್ ಏಕೆ ಏಳುವುದಿಲ್ಲ? ಒಂದು ಹಳೆಯ ಕಥೆ

ಈಗ ನಾವು ಹಿಂದೂಪುರದಲ್ಲಿದ್ದೇವೆ. ಈ ಸಂಗತಿ ನಡೆದದ್ದು 2010ರ ಸುಮಾರಿಗೆ, ಕಲ್ಯಾಣದುರ್ಗದ ಕಡೆ ಕೆಲಸ ಮಾಡುತ್ತಿದ್ದಾಗ. ಶಾಲೆಯಲ್ಲಿದ್ದದ್ದು ಒಂದೇ ಒಂದು ಕಂಪ್ಯೂಟರ್, ವಿಂಡೋಸ್ ಎಕ್ಸ್‌ಪಿ. ಕನ್ನಡ ಮಾಧ್ಯಮದ ಮಕ್ಕಳ ಯೂನಿಟ್ ಟೆಸ್ಟ್ ಪ್ರಶ್ನೆಪತ್ರಿಕೆ ಅದರಲ್ಲೇ ಟೈಪ್ ಆಗಬೇಕು. ಊರಿನ ಡಿಟಿಪಿ ಅಂಗಡಿಗಳಲ್ಲಿ ತೆಲುಗು ಫಾಂಟ್ ಇರುತ್ತಿತ್ತೇ ಹೊರತು ಕನ್ನಡ ಇರುತ್ತಿರಲಿಲ್ಲ. ಇಲ್ಲದಿದ್ದರೆ ಬಸ್ಸು ಹತ್ತಿ ಪಾವಗಡಕ್ಕೆ ಹೋಗಬೇಕು! ಹಾಗಾಗಿ ನುಡಿ, ಬರಹ ಎರಡನ್ನೂ ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಓಡಾಡುತ್ತಿದ್ದೆವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ಕಡತ ತೆರೆದರೆ ಏನು ಕಾಣುತ್ತದೆಂದು ಆ ಕಾಲದವರಿಗೆ ಹೇಳಬೇಕಾಗಿಲ್ಲ....

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆ. ಡಿಸ್ಕ್ ತೆಗೆಯಿರಿ, ಯಾವುದಾದರೂ ಕೀ ಒತ್ತಿರಿ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಒತ್ತಿದರೆ ಮತ್ತೆ ಅದೇ. ಪ್ರಶ್ನೆಪತ್ರಿಕೆ, ಮೂರು ವರ್ಷದ ಮಾರ್ಕ್ಸ್ ಪಟ್ಟಿ, ಎಲ್ಲ ಒಳಗೇ ಇದ್ದವು. ರಿಪೇರಿಯವನನ್ನು ಕರೆಸಿದೆವು. "ಹಾರ್ಡ್ ಡಿಸ್ಕ್ ಪೋಯಿಂದಿ ಸಾರ್, ಫಾರ್ಮಾಟ್ ಚೆಯ್ಯಾಲಿ" ಎಂದುಬಿಟ್ಟ. ನಮಗೆ ಎದೆ ಧಸಕ್ಕೆಂದಿತು. ಅವನು ವೈರು ಬಿಚ್ಚಲು ಬಗ್ಗಿದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ, "ಸಾರ್, ಹಿಂದುಗಡೆ ಏನೋ ಲೈಟ್ ಮಿನುಗ್ತೈತೆ" ಎಂದ. ನೋಡಿದರೆ ಹಿಂದಿನ ದಿನ ನಾವೇ ಸಿಕ್ಕಿಸಿ ಮರೆತಿದ್ದ ಪೆನ್ ಡ್ರೈವ್! ಕಿತ್ತು, ಮತ್ತೆ ಹಾಕಿದೆವು. ವಿಂಡೋಸ್ ಸಲೀಸಾಗಿ ಬಂತು. ರಿಪೇರಿಯವನಿಗೆ ಟೀ ಕುಡಿಸಿ ಕಳಿಸಿದೆವು.

ಪೆನ್ ಡ್ರೈವ್‌ಗೂ ಕಂಪ್ಯೂಟರ್ ಏಳುವುದಕ್ಕೂ ಏನು ಸಂಬಂಧ? ಇದು ಪೆನ್ ಡ್ರೈವ್ ಹುಟ್ಟುವುದಕ್ಕಿಂತ ಹಳೆಯ ಕಥೆ.

ಇಂಗ್ಲಿಷಿನಲ್ಲಿ ಬೂಟ್ ಎನ್ನುವ ಮಾತು ಬಂದದ್ದು ಬೂಟಿನ ಹಿಂಬದಿಯ ಪಟ್ಟಿಯಿಂದ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಂಡಂತೆ ಎಂಬ ಅಸಾಧ್ಯದ ಮಾತು ಅದು. ಕಂಪ್ಯೂಟರಿನ ಪಾಡೂ ಅದೇ. ಡಿಸ್ಕಿನಿಂದ ಓದಲು ಪ್ರೋಗ್ರಾಂ ಬೇಕು, ಆ ಪ್ರೋಗ್ರಾಂ ಇರುವುದೂ ಡಿಸ್ಕಿನಲ್ಲೇ! ಅದಕ್ಕೇ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಇಟ್ಟರು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಅದು ಮೊದಲು ಫ್ಲಾಪಿಯನ್ನು ನೋಡುತ್ತಿತ್ತು. ಹಾರ್ಡ್ ಡಿಸ್ಕ್ ಬಂದದ್ದು 1983ರ ಎಕ್ಸ್‌ಟಿ ಮಾದರಿಯಲ್ಲಿ, ಅದೂ 10 ಎಂಬಿ. ಆಮೇಲೂ "ಮೊದಲು ಫ್ಲಾಪಿ, ಆಮೇಲೆ ಹಾರ್ಡ್ ಡಿಸ್ಕ್" ಎಂಬ ಕ್ರಮ ಉಳಿಯಿತು. ಹಾರ್ಡ್ ಡಿಸ್ಕ್ ಕೆಟ್ಟರೆ ಫ್ಲಾಪಿಯಿಂದ ಎಬ್ಬಿಸಬಹುದಲ್ಲ.

ಬಯೋಸ್ ಡಿಸ್ಕಿನ ಮೊದಲ 512 ಬೈಟುಗಳನ್ನು ಮಾತ್ರ ಓದುತ್ತದೆ. ಅದರ ಕೊನೆಯ ಎರಡು ಬೈಟು 55, ಎಎ ಎಂದಿದ್ದರೆ "ಸರಿ, ಇದು ಬೂಟ್ ಡಿಸ್ಕು" ಎಂದು ನಂಬಿ ಯಜಮಾನಿಕೆ ಬಿಟ್ಟುಕೊಡುತ್ತದೆ. ತೊಂದರೆ ಇರುವುದು ಇಲ್ಲೇ. ಎಕ್ಸ್‌ಪಿಯಲ್ಲಿ ಫಾರ್ಮಾಟ್ ಮಾಡಿದ ಪೆನ್ ಡ್ರೈವ್‌ನಲ್ಲೂ ಈ ಮುದ್ರೆ ಇರುತ್ತದೆ, ಒಳಗೆ ವಿಂಡೋಸ್ ಇರುವುದಿಲ್ಲ. ಆ 512 ಬೈಟಿನ ಪ್ರೋಗ್ರಾಂ ವಿಂಡೋಸನ್ನು ಹುಡುಕಿ, ಸಿಗದೆ, ಎರಡು ಸಾಲು ಬರೆದು ಅಲ್ಲೇ ನಿಂತುಬಿಡುತ್ತದೆ. ಒಮ್ಮೆ ಯಜಮಾನಿಕೆ ಕೊಟ್ಟಾಯಿತು, ಹಾಗಾಗಿ ಪಕ್ಕದಲ್ಲೇ ಇರುವ ಹಾರ್ಡ್ ಡಿಸ್ಕಿನ ಕಡೆ ಬಯೋಸ್ ತಿರುಗುವುದಿಲ್ಲ. ಹಾರ್ಡ್ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ ಎನ್ನುವುದನ್ನು ದಯವಿಟ್ಟು ನೆನಪಿಡಿ, ಫಾರ್ಮಾಟ್‌ಗೆ ಒಪ್ಪುವ ಮೊದಲು.

ಇದೇ ಮರೆವು ಫ್ಲಾಪಿ ಕಾಲದಲ್ಲಿ ಇನ್ನೂ ಹೆಚ್ಚು ಹಾನಿ ಮಾಡಿತ್ತು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಬರೆದ 'ಬ್ರೇನ್' ಐಬಿಎಂ ಪಿಸಿಯ ಮೊದಲ ವೈರಸ್ಸು ಎಂದು ಹೆಸರಾಯಿತು. ಅದು ಕೂತದ್ದು ಫ್ಲಾಪಿಯ ಈ ಮೊದಲ ತುಣುಕಿನಲ್ಲೇ. ತಮಾಷೆಯೆಂದರೆ ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಕೂಡ ಬರೆದಿದ್ದರು! 1992ರ ಮಾರ್ಚ್ 6ಕ್ಕೆ ಮೈಕೆಲಾಂಜೆಲೊ ವೈರಸ್ಸು ಡಿಸ್ಕ್ ಅಳಿಸುತ್ತದೆಂದು ಜಗತ್ತೇ ಹೆದರಿತ್ತು. ಅದು ಹರಡುತ್ತಿದ್ದುದೂ ಡ್ರೈವಿನಲ್ಲಿ ಮರೆತ ಫ್ಲಾಪಿಯಿಂದಲೇ. "ಇದು ಬೂಟ್ ಡಿಸ್ಕ್ ಅಲ್ಲ" ಎಂಬ ಸಂದೇಶ ಪರದೆಗೆ ಬರುವಷ್ಟರಲ್ಲಿ ವೈರಸ್ಸು ಒಳಗೆ ಸೇರಿಯಾಗಿರುತ್ತಿತ್ತು.

ಯುಎಸ್‌ಬಿ ಬಂದದ್ದು 1996ರಲ್ಲಿ. ಪೆನ್ ಡ್ರೈವ್ ಅಂಗಡಿಗೆ ಬಂದದ್ದು 2000ದಲ್ಲಿ. ಸಿಂಗಾಪುರದ ಟ್ರೆಕ್ ಕಂಪನಿಯದು ಒಂದು, ಇಸ್ರೇಲಿನ ಎಂ-ಸಿಸ್ಟಮ್ಸ್ ತಯಾರಿಸಿ ಐಬಿಎಂ ಮಾರಿದ್ದು ಇನ್ನೊಂದು. ಐಬಿಎಂನದು 8 ಎಂಬಿ, ಅಂದರೆ ಐದಾರು ಫ್ಲಾಪಿಗೆ ಸಮ. ಈ ಹೊಸ ನೆಂಟನನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ಬಯೋಸಿಗೆ ಗೊತ್ತಿರಲಿಲ್ಲ. ಹಾಗಾಗಿ ಒಂದು ಕಡೆ ಫ್ಲಾಪಿ ಎಂದು, ಒಂದು ಕಡೆ ಜಿಪ್ ಡ್ರೈವ್ ಎಂದು, ಇನ್ನೊಂದು ಕಡೆ ಹಾರ್ಡ್ ಡಿಸ್ಕ್ ಎಂದು ಪಟ್ಟಿಯಲ್ಲಿ ಸೇರಿಸಿದರು. ಫ್ಲಾಪಿ ಹೋದರೂ ಅದರ ಮೊದಲ ಪಂಕ್ತಿ ಇವನಿಗೆ ಸಿಕ್ಕಿತು.

ಅಂದ ಹಾಗೆ, ಅದಕ್ಕೆ ಮುಂಚೆ ಎಷ್ಟೋ ಸಲ ಪೆನ್ ಡ್ರೈವ್ ಹಾಗೇ ಬಿಟ್ಟಿದ್ದೆವು, ಏನೂ ಆಗಿರಲಿಲ್ಲ. ಆ ದಿನವೇ ಏಕೆ? ಗಡಿಯಾರ ನೋಡಿದಾಗ ಗೊತ್ತಾಯಿತು, ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ ನಾಣ್ಯದಂಥ ಸೆಲ್ ಇರುತ್ತದೆ. ಅದು ಸತ್ತಿದ್ದರೆ, ಕರೆಂಟು ಹೋದಾಗ ಬಯೋಸ್ ತನ್ನ ಸೆಟ್ಟಿಂಗ್ ಮರೆತು ಕಂಪನಿ ಕೊಟ್ಟ ಕ್ರಮಕ್ಕೆ ಮರಳುತ್ತದೆ. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ! ಸೆಲ್ ಬದಲಿಸಿ, ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಬಯೋಸಿಗೆ ಹೋಗಿ, ಬೂಟ್ ಕ್ರಮದಲ್ಲಿ ಹಾರ್ಡ್ ಡಿಸ್ಕನ್ನು ಮೊದಲಿಗೆ ತಂದು, ಉಳಿಸಿ ಹೊರಬಂದೆವು. ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಸಾಮಾನ್ಯವಾಗಿ ಎಫ್10.

2012ರಲ್ಲಿ ವಿಂಡೋಸ್ 8 ಜೊತೆ ಯುಇಎಫ್ಐ ಎಲ್ಲ ಕಡೆ ಹರಡಿದ ಮೇಲೆ ಈ ಕಾಟ ಕಡಿಮೆಯಾಯಿತು. ಅದು ಎರಡು ಬೈಟಿನ ಮುದ್ರೆಯನ್ನು ನಂಬುವುದಿಲ್ಲ. ಪೆನ್ ಡ್ರೈವ್‌ನಲ್ಲಿ ಬೂಟ್ ಕಡತವೇ ಇದೆಯೇ ಎಂದು ಹುಡುಕುತ್ತದೆ, ಇಲ್ಲದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಆದರೂ ಕಂಪನಿಯ ಗುರುತು ತೋರಿಸಿ ಕಂಪ್ಯೂಟರ್ ಹಾಗೇ ನಿಂತರೆ, ಮೊದಲು ಪೆನ್ ಡ್ರೈವ್, ಕಾರ್ಡ್ ರೀಡರ್, ಚಾರ್ಜಿಗೆ ಹಾಕಿದ ಫೋನು ಎಲ್ಲ ಕಿತ್ತು ನೋಡಿ. ಹಿಂಬದಿಯ ಕಿಂಡಿಗಳನ್ನೂ ನೋಡಿ.

ಆ 2 ಜಿಬಿ ಪೆನ್ ಡ್ರೈವ್ ನಮ್ಮ ಬಳಿ ಇನ್ನೂ ಇದೆ. ಅದರಲ್ಲಿರುವ ನುಡಿಯ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸ ಅರ್ಧಕ್ಕೆ ನಿಂತಿದೆ. ಬೇಸಿಗೆ ರಜೆಯಲ್ಲಿ ಮುಗಿಸಬೇಕು.