ಚಟ್ಟನೂಗಾದ ಕಟಕಟೆಯಲ್ಲಿ ಕೆಫೀನ್

ಮೊಕದ್ದಮೆಯ ಹೆಸರೇ ನಗು ತರಿಸುವಂಥದ್ದು: ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ನಲವತ್ತು ಬ್ಯಾರೆಲ್ ಮತ್ತು ಇಪ್ಪತ್ತು ಕೆಗ್ ಕೋಕಾ-ಕೋಲಾ. ಪ್ರತಿವಾದಿಯ ಜಾಗದಲ್ಲಿ ಮನುಷ್ಯರಿಲ್ಲ, ಪೀಪಾಯಿಗಳಿವೆ. 1909ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಿಂದ ಟೆನೆಸಿ ರಾಜ್ಯದ ಚಟ್ಟನೂಗಾಕ್ಕೆ ಹೊರಟಿದ್ದ ಸಿರಪ್ಪನ್ನು ಸರ್ಕಾರಿ ಅಧಿಕಾರಿಗಳು ಜಪ್ತಿ ಮಾಡಿದರು. 1906ರ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಯ ಪ್ರಕಾರ ಜಪ್ತಿಯಾದ ಸರಕಿನ ಮೇಲೆಯೇ ದಾವೆ ಹೂಡಬಹುದಿತ್ತು. ಹಳೆಯ ಆಹಾರ ಜಾಹೀರಾತುಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ಮೊಕದ್ದಮೆ ಎದುರಾದದ್ದು ಬೇರೇನನ್ನೋ ಹುಡುಕುವಾಗ. ಓದುತ್ತಾ ಹೋದಂತೆ, ಮಕ್ಕಳಿಗೆ ಕೆಫೀನ್ ಎಷ್ಟು ಕೆಡುಕು ಎಂಬ ಪ್ರಶ್ನೆ ಮೊದಲ ಬಾರಿಗೆ ದೊಡ್ಡ ಮಟ್ಟದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಂದರ್ಭಗಳಲ್ಲಿ ಇದೂ ಒಂದು ಅನ್ನಿಸಿತು.

ಇದರ ಹಿಂದಿದ್ದವನು ಹಾರ್ವೆ ವೈಲಿ, ಕೃಷಿ ಇಲಾಖೆಯ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ. ಆಹಾರಕ್ಕೆ ಬೆರೆಸುತ್ತಿದ್ದ ಬೋರಾಕ್ಸ್‌ನಂಥ ವಸ್ತುಗಳನ್ನು ಯುವಕರಿಗೆ ತಿನ್ನಿಸಿ ಪರೀಕ್ಷೆ ನಡೆಸಿ ಆಗಲೇ ಹೆಸರಾಗಿದ್ದ. ಕಾಫಿ, ಟೀಯಲ್ಲಿಯೂ ಕೆಫೀನ್ ಇದೆಯಲ್ಲ, ಅದನ್ನು ಬಿಟ್ಟು ಇದರ ಮೇಲೇಕೆ ಸಿಟ್ಟು ಎಂದು ಕೇಳಿದವರಿಗೆ ಅವನ ಬಳಿ ಉತ್ತರವಿತ್ತು. ಕಾಫಿ, ಟೀಯಲ್ಲಿ ಏನಿದೆ ಎಂದು ತಂದೆತಾಯಿಗೆ ಗೊತ್ತು, ಹಾಗಾಗಿ ಮಕ್ಕಳ ಕೈಗೆ ಅದನ್ನು ಸುಲಭವಾಗಿ ಕೊಡುವುದಿಲ್ಲ. ಆದರೆ ಸೋಡಾ ಅಂಗಡಿಯಲ್ಲಿ ಐದು ಸೆಂಟು ಕೊಟ್ಟು ಮಗು ತಾನೇ ಕೊಂಡು ಕುಡಿಯುವ ಸಿಹಿ ಪಾನೀಯದಲ್ಲಿಯೂ ಅದೇ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಈ ಮಾತು ನಮಗೆ ಅಪರಿಚಿತವೇನಲ್ಲ. ನಮ್ಮ ಮನೆಗಳಲ್ಲಿ ಕಾಫಿಗಾಗಿ ಹಟ ಹಿಡಿದ ಮಗುವಿಗೆ ಲೋಟದ ತುಂಬ ಹಾಲು ಹಾಕಿ, ಬಣ್ಣ ಬರುವಷ್ಟೇ ಡಿಕಾಕ್ಷನ್ ಬಿಟ್ಟು ಕೊಡುತ್ತಾರೆ. ಇನ್ನೂ ಬೇಕೆಂದರೆ 'ಕಪ್ಪಗಾಗ್ತೀಯ ನೋಡು' ಎಂಬ ಬೆದರಿಕೆ. ಅದರಲ್ಲಿ ವಿಜ್ಞಾನ ಇಲ್ಲ, ಬಣ್ಣದ ಬಗೆಗಿನ ನಮ್ಮ ಹಳೇ ರೋಗ ಧಾರಾಳವಾಗಿದೆ. ಆದರೂ ಅಳತೆ ಹಿರಿಯರ ಕೈಯಲ್ಲಿ ಇರುತ್ತದೆ. ವೈಲಿಗೆ ಭಯ ಇದ್ದದ್ದು ಆ ಕೈಯೇ ಇಲ್ಲದ ಕಡೆ.

1911ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಎಡ್ವರ್ಡ್ ಸ್ಯಾನ್‌ಫರ್ಡ್ ಎದುರು ವಿಚಾರಣೆ ಶುರುವಾಯಿತು. ಕೆಫೀನ್ ಮನುಷ್ಯರ ಬುದ್ಧಿ ಮತ್ತು ವರ್ತನೆಯ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ತನ್ನ ಬಳಿ ಇಲ್ಲ ಎಂಬುದು ಕಂಪನಿಗೆ ಹೊಳೆದದ್ದು ವಿಚಾರಣೆ ಹತ್ತಿರ ಬಂದಾಗ. ಹೆಸರಿದ್ದ ಮನಶ್ಶಾಸ್ತ್ರಜ್ಞ ಜೇಮ್ಸ್ ಕ್ಯಾಟೆಲ್ ಒಲ್ಲೆನೆಂದ ಮೇಲೆ ಕೆಲಸ ಬಂದದ್ದು ಬರ್ನಾರ್ಡ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೂವತ್ತರ ಹ್ಯಾರಿ ಹಾಲಿಂಗ್‌ವರ್ತ್ ಬಳಿಗೆ. ಹೆಂಡತಿ ಲೀಟಾಳ ಮುಂದಿನ ಓದಿಗೆ ದುಡ್ಡು ಬೇಕಿತ್ತು, ಒಪ್ಪಿಕೊಂಡ. ಕಂಪನಿಯ ದುಡ್ಡಿನಲ್ಲಿ ಸಂಶೋಧನೆ ಎಂದ ಕೂಡಲೇ ನಮಗೆಲ್ಲ ಅನುಮಾನ ಬರುತ್ತದೆ, ಬರಬೇಕಾದದ್ದೇ. ಆದರೆ ಹಾಲಿಂಗ್‌ವರ್ತ್ ತನ್ನ ಹೆಸರನ್ನಾಗಲಿ ಫಲಿತಾಂಶವನ್ನಾಗಲಿ ಜಾಹೀರಾತಿಗೆ ಬಳಸಬಾರದೆಂದು ಮೊದಲೇ ಕರಾರು ಮಾಡಿಕೊಂಡಿದ್ದ. ಮ್ಯಾನ್‌ಹಾಟನ್‌ನಲ್ಲಿ ಆರು ಕೋಣೆಗಳ ಮನೆ ಬಾಡಿಗೆಗೆ ಹಿಡಿದು, ಹದಿನಾರು ಜನರನ್ನು ಕೂಡಿಸಿಕೊಂಡು, 40 ದಿನ ಪ್ರಯೋಗ ನಡೆಸಿದ. ಕ್ಯಾಪ್ಸೂಲಿನಲ್ಲಿ ಕೆಫೀನ್ ಇದೆಯೋ ಬರೀ ಹಾಲಿನ ಸಕ್ಕರೆ ಇದೆಯೋ ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷಿಸುವವರಿಗೂ ಗೊತ್ತಿಲ್ಲ. ಆ ಕಾಲಕ್ಕೆ ಇದು ಅಪರೂಪದ ಎಚ್ಚರ. ದಿನದಿನದ ಪರೀಕ್ಷೆಗಳ ಉಸ್ತುವಾರಿ ಲೀಟಾಳದ್ದು. ಮಿತವಾದ ಕೆಫೀನಿನಿಂದ ಬುದ್ಧಿ ಮಂಕಾಗುವುದಿಲ್ಲ, ಕೆಲವು ಕೆಲಸಗಳಲ್ಲಿ ಚುರುಕಾಗುತ್ತದೆ, ಪ್ರಮಾಣ ಹೆಚ್ಚಾದಾಗ ನಿದ್ದೆ ಕೆಡುತ್ತದೆ ಎಂದು ಹಾಲಿಂಗ್‌ವರ್ತ್ ಕೋರ್ಟಿನಲ್ಲಿ ಹೇಳಿದ.

ಆ ಹದಿನಾರು ಜನರ ವಯಸ್ಸು 19ರಿಂದ 39. ಒಂದು ಮಗುವೂ ಇಲ್ಲ. ಮಕ್ಕಳಿಗೆ ಕೆಫೀನ್ ಕುಡಿಸಿ ಪರೀಕ್ಷಿಸಲು ಯಾವ ತಂದೆತಾಯಿ ಒಪ್ಪುತ್ತಾರೆ, ಒಪ್ಪಬೇಕೂ ಅಲ್ಲ. ಆದರೆ ಹೆದರಿಕೆ ಯಾರ ಬಗ್ಗೆ ಇತ್ತೋ ಅವರೇ ಪುರಾವೆಯಿಂದ ಹೊರಗುಳಿದರು. ಮುಂದೆ ಅಸಾಧಾರಣ ಬುದ್ಧಿಯ ಮಕ್ಕಳ ಮೇಲೆ ಸಂಶೋಧನೆ ನಡೆಸಿ ಗಂಡನಿಗಿಂತ ಹೆಚ್ಚು ಪ್ರಸಿದ್ಧಳಾದವಳು ಇದೇ ಲೀಟಾ ಹಾಲಿಂಗ್‌ವರ್ತ್.

ತೀರ್ಪಿನಲ್ಲಿ ಈ ವಿಜ್ಞಾನ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಕಾಯ್ದೆ ತಡೆಯುವುದು 'ಸೇರಿಸಿದ' ಹಾನಿಕರ ವಸ್ತುವನ್ನು. ಕೆಫೀನ್ ಈ ಪಾನೀಯದ ಮೂಲ ಸೂತ್ರದಲ್ಲಿಯೇ ಇದೆ, ಸೇರಿಸಿದ್ದು ಹೇಗಾಗುತ್ತದೆ ಎಂದು ಸ್ಯಾನ್‌ಫರ್ಡ್ ಪ್ರಕರಣವನ್ನೇ ವಜಾ ಮಾಡಿದರು. 1912ರಲ್ಲಿ ವೈಲಿ ಹುದ್ದೆ ಬಿಟ್ಟ. ಕೆಫೀನನ್ನು ಹಾನಿಕರ ವಸ್ತುಗಳ ಪಟ್ಟಿಗೆ ಸೇರಿಸುವ ಮಸೂದೆಗಳು ಅದೇ ವರ್ಷ ಬಂದು ಬಿದ್ದುಹೋದವು. 1916ರಲ್ಲಿ ಸುಪ್ರೀಂ ಕೋರ್ಟ್ ಸ್ಯಾನ್‌ಫರ್ಡ್ ವ್ಯಾಖ್ಯಾನವನ್ನು ತಳ್ಳಿಹಾಕಿತು. ಮರುವರ್ಷ ರಾಜಿ: ಕಂಪನಿ ಕೆಫೀನನ್ನು ಅರ್ಧಕ್ಕೆ ಇಳಿಸಿತು, ಕೋರ್ಟ್ ಖರ್ಚು ಕಟ್ಟಿತು.

ಮಗುವಿನ ದೇಹದಲ್ಲಿ ಕೆಫೀನ್ ನಡೆದುಕೊಳ್ಳುವ ರೀತಿಯೇ ಬೇರೆ ಎಂಬುದು ಈಗ ಗೊತ್ತಿದೆ. ದೊಡ್ಡವರ ದೇಹ ಸುಮಾರು ಐದು ಗಂಟೆಯಲ್ಲಿ ಅರ್ಧ ಕೆಫೀನನ್ನು ಕರಗಿಸಿಕೊಂಡರೆ, ಅದನ್ನು ಒಡೆಯುವ ಕಿಣ್ವ ಪಿತ್ತಜನಕಾಂಗದಲ್ಲಿ ಇನ್ನೂ ಬೆಳೆದಿರದ ನವಜಾತ ಶಿಶುವಿಗೆ ಅಷ್ಟಕ್ಕೇ ದಿನಗಳು ಬೇಕು. ವಿಚಿತ್ರವೆಂದರೆ, ಬಹಳ ಕೂಲಂಕಷವಾಗಿ ಪರೀಕ್ಷೆಗೆ ಒಳಗಾದವರೂ ಇಂಥ ಶಿಶುಗಳೇ. ಅವಧಿಗೆ ಮುನ್ನ ಹುಟ್ಟಿ ಉಸಿರು ನಿಂತುನಿಂತು ಬರುವ ಮಕ್ಕಳಿಗೆ ಆಸ್ಪತ್ರೆಯಲ್ಲಿ ಕೊಡುವ ಔಷಧ ಕೆಫೀನ್. ಇಂಥ 2000ಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ದೀರ್ಘಕಾಲದ ತೊಂದರೆ ಕೆಫೀನ್ ಪಡೆದವರಲ್ಲಿ ಕಡಿಮೆಯಿತ್ತು.

ಶಾಲೆಗೆ ಹೋಗುವ ಮಕ್ಕಳ ಬಗ್ಗೆ ಇಷ್ಟು ಪುರಾವೆ ಇಲ್ಲ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೆ ಸೂಚಿಸಿದ ಮಿತಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ಆ ಅಂಕಿ ಬಂದದ್ದು ದೊಡ್ಡವರ ಅಧ್ಯಯನಗಳಿಂದ. ಮ್ಯಾನ್‌ಹಾಟನ್‌ನ ಆ ಆರು ಕೋಣೆಗಳಿಂದ ನಾವು ಇನ್ನೂ ಪೂರ್ತಿ ಹೊರಬಂದಿಲ್ಲ ಅನ್ನಿಸುತ್ತದೆ. ಇರಲಿ, ಆ ಮಿತಿಯನ್ನೇ ಹಿಡಿದು ಲೆಕ್ಕ ಹಾಕೋಣ. 20 ಕಿಲೋ ತೂಗುವ ಮಗುವಿಗೆ ದಿನಕ್ಕೆ 60 ಮಿಲಿಗ್ರಾಂ. ವೈಲಿ ಹೆದರಿದ್ದ ಆ ಒಂದು ಲೋಟದಲ್ಲಿ ಇದ್ದದ್ದು ಸುಮಾರು 78.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದಂತೆ ಎನರ್ಜಿ ಡ್ರಿಂಕ್‌ನ ಒಂದು ಲೀಟರಿನಲ್ಲಿ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ 75. ಮಕ್ಕಳಿಗೆ ಸೂಕ್ತವಲ್ಲ ಎಂದು ಅದರ ಮೇಲೆ ಬರೆದಿರಲೇಬೇಕು. ಪೆಟ್ಟಿಗೆ ಅಂಗಡಿಯಲ್ಲಿ ಆ ಡಬ್ಬಿ ಕೇಳುವ ಯೂನಿಫಾರ್ಮಿನ ಹುಡುಗನಿಗೆ ಅಂಗಡಿಯವರು ಚಿಲ್ಲರೆ ಇದೆಯಾ ಎಂದಷ್ಟೇ ಕೇಳುತ್ತಾರೆ.